ಹತ್ತಿದವರು ಬರೆದಿಟ್ಟ ಬೆಟ್ಟ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಸಾಫ್ಟ್‌ವೇರ್ ಕ್ಷೇತ್ರದ ಬಗ್ಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಸಮಿತಿಯ ಗುರುಗಳು ಕೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನನ್ನ ಬ್ಯಾಚಿನಲ್ಲೇ ನಾಲ್ಕೈದು ಜನರಿದ್ದಾರೆ. ಆದ್ದರಿಂದ ಗುರುಗಳ ಒಪ್ಪಿಗೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತಾಗ ನಮ್ಮೆಲ್ಲರ ಕಣ್ಣಿಗೆ ಬೀಳುತ್ತಿದ್ದ ಸಾವನದುರ್ಗ ಆ ವಿಷಯ. ಕಳೆದ ಡಿಸೆಂಬರ್ 20 ಮತ್ತು 21ರಂದು ನಾನೂ ನನ್ನ ಸಹಪಾಠಿಯೊಬ್ಬನೂ ಆ ಬೆಟ್ಟದ ಬುಡ ಸುತ್ತಿ, ಮರುದಿನ ನೆತ್ತಿ ಹತ್ತಿ ಬಂದೆವು. ತಾರೀಖನ್ನು ಬೇಕೆಂದೇ ಆರಿಸಿದ್ದು. 1791ರ ಡಿಸೆಂಬರ್ 21ರಂದು ಈ ದುರ್ಗ ಇಂಗ್ಲಿಷರ ಕೈಗೆ ಹೋಯಿತು.

ಮೊದಲು ಗೆಳೆಯನ ಪರಿಚಯ ಹೇಳಬೇಕು. ಅವನದು ಕಲ್ಲು ಒಡೆಯುವ ಮನೆತನ. ತಾತ, ಅಪ್ಪ ಇಬ್ಬರೂ ಉಳಿ, ಚಮ್ಮಟಿಗೆ ಹಿಡಿದವರು. ಇವನು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಿ, ಈಗ ತೋಟಗಳಿಗೆ ಕಲ್ಲುಕಂಬ ಹಾಕಿಸುವ ಗುತ್ತಿಗೆ ಮಾಡುತ್ತಾನೆ. ಪುಸ್ತಕದ ಇತಿಹಾಸ ನನ್ನ ಬ್ಯಾಗಿನಲ್ಲಿತ್ತು. ಕಲ್ಲಿನ ಇತಿಹಾಸ ಅವನ ಬೆರಳಿನಲ್ಲಿತ್ತು. ಈ ಲೇಖನದಲ್ಲಿ ಎರಡೂ ಬೆರೆತಿವೆ.

ಮಾಗಿಯ ಚಳಿಗಾಲ ನಮ್ಮ ಸೀಮೆಯಲ್ಲಿ ಬೆಟ್ಟ ಹತ್ತಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಹತ್ತು ಗಂಟೆಗೇ ಬಂಡೆ ಕಾದ ಹೆಂಚಾಗುತ್ತದೆ. ಡಿಸೆಂಬರಿನಲ್ಲಿ ಕಲ್ಲು ಒಣಗಿ, ತಣ್ಣಗೆ, ಒರಟಾಗಿ ಇರುತ್ತದೆ. ಕೆಳಗೆ ಹೊಲಗಳಲ್ಲಿ ರಾಗಿ ಕೊಯ್ಲಾಗಿ ಮೆದೆ ಬಿದ್ದಿರುತ್ತದೆ, ಅವರೆಕಾಯಿಯ ಸೊಗಡು ದಾರಿಯುದ್ದಕ್ಕೂ ಮೂಗಿಗೆ ಬಡಿಯುತ್ತದೆ. ಮಾಗಡಿ ಅವರೆಕಾಯಿ ಎಂದರೆ ಬೆಂಗಳೂರಿನವರೂ ಚೀಲ ಹಿಡಿದು ಬರುತ್ತಾರೆ, ಅದನ್ನು ನಿಮಗೆ ಹೇಳಬೇಕಿಲ್ಲ.

ಈ ಬಂಡೆಗೆ ಎಷ್ಟು ವಯಸ್ಸು? ಸುಮಾರು 250 ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ಭಾರತದ ಭೂಭಾಗ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಆ ಲೆಕ್ಕದಲ್ಲಿ ಹಿಮಾಲಯ ನಮ್ಮ ಬೆಟ್ಟದ ಮೊಮ್ಮಗನೂ ಅಲ್ಲ. ನೆಲದ ಆಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ನಿಧಾನವಾಗಿ ತಣಿದದ್ದರಿಂದಲೇ ಅದರಲ್ಲಿ ಹೆಬ್ಬೆರಳ ಗಾತ್ರದ ನಸುಗೆಂಪು ಹರಳುಗಳು ಬೆಳೆದಿವೆ. ಮೇಲಿನ ಹೊರೆ ಕೋಟ್ಯಂತರ ವರ್ಷ ಸವೆದು ಹೋದಂತೆ, ಅದುಮಿಟ್ಟಿದ್ದ ಭಾರ ಇಳಿದು ಬಂಡೆ ಹಿಗ್ಗಿತು. ಹಿಗ್ಗಿದಾಗ ಈರುಳ್ಳಿಯಂತೆ ಪದರ ಪದರವಾಗಿ ಬಿಟ್ಟುಕೊಂಡಿತು. ಸಾವನದುರ್ಗ ದೂರದಿಂದ ಬೋಳುತಲೆಯಂತೆ ದುಂಡಗೆ ಕಾಣುವುದಕ್ಕೆ ಇದೇ ಕಾರಣ.

ಈ ಕಲ್ಲಿನ ಪಟ್ಟಿ ಕಬ್ಬಾಳದುರ್ಗದ ಕಡೆಯಿಂದ ರಾಮನಗರ, ಮಾಗಡಿ, ದೇವರಾಯನದುರ್ಗ, ಮಧುಗಿರಿ, ಪಾವಗಡಗಳನ್ನು ಹಾಯ್ದು ಹಂಪೆಯ ದಿಕ್ಕಿಗೆ ಸುಮಾರು 400 ಕಿಲೋಮೀಟರ್ ಹೋಗುತ್ತದೆ. ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಇದರ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ಟಿಪ್ಪುವಿನ ಪತನದ ನಂತರ ಮೈಸೂರಿಗೆ ಬಂದ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್. ಅವನ ಹೆಸರಿನಲ್ಲಿ ಈಗಿನ ರಾಮನಗರ ಕ್ಲೋಸ್‌ಪೇಟೆ ಆಯಿತು, ಪೇಟೆಯ ಹೆಸರು ಬಂಡೆಗೆ ಅಂಟಿತು. ಊರು ಆಮೇಲೆ ಹೆಸರು ಬದಲಿಸಿಕೊಂಡಿತು, ಬಂಡೆ ಬದಲಿಸಿಕೊಳ್ಳಲಿಲ್ಲ. 250 ಕೋಟಿ ವರ್ಷದ ಕಲ್ಲಿಗೆ ಎರಡು ವರ್ಷ ಇಲ್ಲಿದ್ದು ಹೋದ ಅಧಿಕಾರಿಯ ಹೆಸರು! ಈ ಮಾತು ಹೇಳಿದಾಗ ಗೆಳೆಯ ನಕ್ಕ: "ಬುಡ್ಲಾ, ನಮ್ಮಪ್ಪ ಇದುನ್ನ ಬಿಳಿಕಲ್ಲು ಅಂತಾನೆ. ಇದು ಏಟಿಗೆ ಹೆಂಗೆ ಬತ್ತದೆ ಅಂತ ಅವುನ್ಗೆ ಗೊತ್ತು."

ಬೆಟ್ಟದ ಹೆಸರಿನ ವಿಷಯದಲ್ಲೂ ಹೀಗೇ ಒಂದು ಎಡವಟ್ಟಿದೆ. ಇಂಗ್ಲಿಷರು ಸಾವನದುರ್ಗವೆಂದರೆ ಸಾವಿನ ದುರ್ಗ ಎಂದು ಅರ್ಥ ಮಾಡಿಕೊಂಡರು, ಹಾಗೆಂದೇ ಬರೆದರು. ಸುತ್ತಲ ಬಿದಿರು ಕಾಡಿನ ಜ್ವರಕ್ಕೆ ಹೆದರಿದ್ದವರಿಗೆ ಆ ಅರ್ಥ ಹೊಂದಿಕೊಂಡಿತು. ಆದರೆ 1340ರ ಹೊಯ್ಸಳ ಮೂರನೇ ಬಲ್ಲಾಳನ ಕಾಲದ ಮಾಡಬಾಳಿನ ಶಾಸನದಲ್ಲಿ ಇದರ ಹೆಸರು ಸಾವಂದಿ. ಮಾಡಬಾಳು ನಮ್ಮ ತಾಲ್ಲೂಕಿನ ಹೋಬಳಿಯೇ. ಬೆಟ್ಟದ ಬುಡದ ದೇವರು ಈಗಲೂ ಸಾವಂದಿ ವೀರಭದ್ರಸ್ವಾಮಿ. ಏಳು ಶತಮಾನಕ್ಕೆ ಹತ್ತಿರವಾದ ಹೆಸರನ್ನು ಒಕ್ಕಲು ಜನ ಹರಕೆ ಹೊತ್ತು, ಮಂಗಳಾರತಿ ಮಾಡಿಸಿ ಉಳಿಸಿಕೊಂಡಿದ್ದಾರೆ. ಪುಸ್ತಕ ಓದಿದವರು "ಸಾವಿನ ದುರ್ಗ" ಎಂದು ಯೂಟ್ಯೂಬಿನಲ್ಲಿ ಹೇಳುತ್ತಾರೆ.

ಕೋಟೆಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ದೊರೆಗಳ ಸರದಿ ನಿಮಗೆ ಗೊತ್ತಿರುವುದೇ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ್ ಬೆಂಗಳೂರನ್ನು ಹಿಡಿದ ಮೇಲೆ ಇಮ್ಮಡಿ ಕೆಂಪೇಗೌಡರು ಮಾಗಡಿಗೆ ಬಂದು ನೆಲೆ ನಿಂತರು. ಸಾವನದುರ್ಗ ಆ ಮನೆತನದ ಗಟ್ಟಿ ಆಸರೆಯಾಯಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ದುರ್ಗವನ್ನೂ ಗೆದ್ದರು. ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣುಮುಚ್ಚಿದರು. ಅಲ್ಲಿಂದ ಮುಂದೆ ದುರ್ಗ ಮೈಸೂರಿನದು, ಆಮೇಲೆ ಹೈದರ್, ಟಿಪ್ಪು ಅವರದು.

1791ಕ್ಕೆ ಬರೋಣ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಹೋದ. ಹತ್ತು ವರ್ಷದ ಹಿಂದೆ ಅಮೆರಿಕದಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೆ ಶರಣಾದವನು ಇವನೇ. ಶ್ರೀರಂಗಪಟ್ಟಣದ ಹತ್ತಿರ ಅವನನ್ನು ಸೋಲಿಸಿದ್ದು ಹೊಟ್ಟೆ ಮತ್ತು ಮಳೆ. ದವಸ ಮುಗಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು, ಎಳೆಯಲು ಎತ್ತಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಹಿಂದಿರುಗಿದ. ಮುಂದಿನ ದಂಡಯಾತ್ರೆಗೆ ಅವನಿಗೆ ಬೇಕಾಗಿದ್ದು ಬೆಂಗಳೂರಿನಿಂದ ಶ್ರೀರಂಗಪಟ್ಟಣದವರೆಗೆ ದವಸದ ಎತ್ತುಗಳು ನಿರ್ಭಯವಾಗಿ ಓಡಾಡುವ ದಾರಿ. ಆ ದವಸ ಹೊತ್ತು ತರುತ್ತಿದ್ದವರಲ್ಲಿ ದೊಡ್ಡ ಪಾಲು ಲಂಬಾಣಿಗಳು. ದಾರಿಯ ಎರಡೂ ಮಗ್ಗುಲಲ್ಲಿ ಸಾವನದುರ್ಗ, ಹುತ್ರಿದುರ್ಗ, ರಾಮಗಿರಿಗಳು ಕಾವಲು ಕೂತಿದ್ದವು. ಅಂದರೆ ನಮ್ಮ ಬೆಟ್ಟದ ಕಾಳಗ ವೀರಾವೇಶದಿಂದ ಹುಟ್ಟಿದ್ದಲ್ಲ, ರೇಷನ್ ಸಾಗಿಸುವ ಲೆಕ್ಕಾಚಾರದಿಂದ ಹುಟ್ಟಿದ್ದು. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಯುದ್ಧದ ಅರ್ಧಕ್ಕಿಂತ ಹೆಚ್ಚು ಕೆಲಸ ಬ್ಯಾಕೆಂಡ್‌ನಲ್ಲಿ ನಡೆಯುತ್ತದೆ.

ಡಿಸೆಂಬರ್ 10ರಂದು ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಸ್ಟುವರ್ಟ್‌ನ ಪಡೆ ಬೆಟ್ಟದ ಬಳಿ ಬಿಡಾರ ಹೂಡಿತು. ಬಿದಿರು ಮೆಳೆ ಕಡಿದು, ಕಲ್ಲುಬೋರೆಗಳ ಮೇಲೆ ಫಿರಂಗಿ ಎಳೆಯಲು ದಾರಿ ಮಾಡುವುದಕ್ಕೇ ಹಲವು ದಿನ ಹಿಡಿಯಿತು. ಇಂಗ್ಲಿಷರು ಇಲ್ಲಿ ಮುತ್ತಿಗೆ ಹಾಕಿದ ಸುದ್ದಿ ಕೇಳಿ ಟಿಪ್ಪುವಿನ ಪಾಳೆಯದಲ್ಲಿ ಸಂತೋಷಪಟ್ಟರಂತೆ. ಅರ್ಧ ಜನ ಜ್ವರಕ್ಕೆ, ಉಳಿದರ್ಧ ಕತ್ತಿಗೆ ಹೋಗುತ್ತಾರೆ ಎಂಬುದು ಅವರ ಎಣಿಕೆ ಎಂದು ಆ ಕಾಲದ ಇಂಗ್ಲಿಷ್ ಇತಿಹಾಸಕಾರರು ಬರೆದಿದ್ದಾರೆ. ಆದರೆ ಚಳಿಗಾಲ ಇಂಗ್ಲಿಷರ ಪಕ್ಷದಲ್ಲಿತ್ತು. ಮಳೆ ಇಲ್ಲ, ಬಂಡೆ ಒಣಗಿತ್ತು. ಫಿರಂಗಿಗಳು ಕೆಲವೇ ದಿನಗಳಲ್ಲಿ ಗೋಡೆಯಲ್ಲಿ ಬಿರುಕು ಮಾಡಿದವು. 21ರ ಹಗಲು ಹೊತ್ತಿನಲ್ಲಿ, ಕಾರ್ನ್‌ವಾಲಿಸ್ ಕೆಳಗೆ ನಿಂತು ನೋಡುತ್ತಿದ್ದಂತೆ, ಸಿಪಾಯಿಗಳು ಹತ್ತಿದರು. ಎರಡು ಶಿಖರಗಳಿಗೂ ಪ್ರತ್ಯೇಕ ಕೋಟೆ, ನಡುವೆ ಆಳವಾದ ಕೊರಕಲು. ಒಂದು ಹೋದರೂ ಇನ್ನೊಂದರಲ್ಲಿ ಉಳಿಯಬಹುದು ಎಂಬ ನಂಬಿಕೆಯಿಂದ ಕಟ್ಟಿದ್ದು. ಒಂದು ಶಿಖರದವರು ಸೋತು ಇನ್ನೊಂದಕ್ಕೆ ಓಡಿದಾಗ, ಅವರಿಗಾಗಿ ತೆರೆದ ಬಾಗಿಲಲ್ಲೇ ಬೆನ್ನಟ್ಟಿ ಬಂದವರೂ ಒಳಹೊಕ್ಕರು. ಹಲವರು ಪ್ರಪಾತಕ್ಕೆ ಬಿದ್ದು ಸತ್ತರು. ಹತ್ತಿದವರ ಕಡೆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಮೂರು ದಿನಕ್ಕೆ ಹುತ್ರಿದುರ್ಗವೂ ಬಿತ್ತು. ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮೇಲೆ ರಾತ್ರಿಯ ದಾಳಿ, ಮಾರ್ಚ್‌ನಲ್ಲಿ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು.

ಈ ಭಾಗವನ್ನು ನಾನು ಗೆಳೆಯನಿಗೆ ಹೇಳಿದ್ದು ಕರಿಗುಡ್ಡದ ಅರ್ಧ ಎತ್ತರದಲ್ಲಿ, ಬಿದ್ದ ಕೋಟೆಗೋಡೆಯ ನೆರಳಿನಲ್ಲಿ ಕೂತು, ಅವನ ಮನೆಯ ಅಕ್ಕಿರೊಟ್ಟಿ ತಿನ್ನುತ್ತಾ. ಅವನು ಕೇಳಿದ ಒಂದೇ ಪ್ರಶ್ನೆ: "ಇದುನ್ನೆಲ್ಲ ಬರ್ದೋರು ಯಾರ್ಲಾ?"

ಉತ್ತರ ಸುಲಭ. ಹತ್ತಿದವರೇ ಬರೆದರು. ದಂಡಿನ ಅಧಿಕಾರಿಗಳು ಬರೆದರು, ಆಮೇಲೆ ಮಾರ್ಕ್ ವಿಲ್ಕ್ಸ್ ಬರೆದ. ಬರೆದದ್ದಷ್ಟೇ ಅಲ್ಲ, ಚಿತ್ರವನ್ನೂ ತೆಗೆದರು. ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ, ಅಲೆಕ್ಸಾಂಡರ್ ಅಲನ್ ಎಂಬ ಸೇನಾಧಿಕಾರಿ, ಇಬ್ಬರೂ ಈ ಬೆಟ್ಟವನ್ನು ಬರೆದರು. ಇಬ್ಬರ ಪುಸ್ತಕಗಳೂ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಫಿರಂಗಿ ದಳದ ಜೇಮ್ಸ್ ಹಂಟರ್ ಎಂಬವನೂ ಆ ಯುದ್ಧದಲ್ಲಿ ಇದ್ದು ಮೈಸೂರು ಸೀಮೆಯ ಚಿತ್ರಗಳನ್ನು ಬರೆದ. ಕ್ಯಾಮೆರಾ ಹುಟ್ಟುವ ಮೊದಲೇ ನಮ್ಮ ಬೆಟ್ಟ ಲಂಡನ್ನಿನ ದಿವಾನಖಾನೆಗಳಲ್ಲಿ ಕಂಡಿತ್ತು. ಆದರೆ ಆ ಪುಸ್ತಕಗಳನ್ನು ತಿರುವಿದರೆ ಕಾಣುವುದು ಬೆಟ್ಟ, ಕಾಡು, ಡೇರೆಗಳು. ಗೋಡೆಯ ಹಿಂದೆ ನಿಂತಿದ್ದವರ ಮುಖವಿಲ್ಲ. ಅವರಲ್ಲಿ ನಮ್ಮ ಸುತ್ತಲ ಹಳ್ಳಿಗಳವರು ಎಷ್ಟು ಮಂದಿ ಇದ್ದರೋ, ಫಿರಂಗಿಯ ದಾರಿಗೆ ಬಿದಿರು ಕಡಿದ ಕೂಲಿಗಳು ಯಾವ ಊರಿನವರೋ, ಯಾರೂ ಬರೆದಿಡಲಿಲ್ಲ.

ಆ ಕಾಲದ ಇಂಗ್ಲಿಷರಲ್ಲಿ ನನಗೆ ಸ್ವಲ್ಪ ಹತ್ತಿರವೆನಿಸುವವನು ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಒಬ್ಬನೇ. 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ ಎಂದು ನೋಡಲು ಕಂಪನಿ ಅವನನ್ನು ಕಳಿಸಿತ್ತು. ಅವನ ಉದ್ದೇಶವೂ ಲಾಭದ ಲೆಕ್ಕವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವನು ಜನರನ್ನು ಕೇಳಿದ. ಮಾಗಡಿ ಸುತ್ತಮುತ್ತ ಕಬ್ಬಿಣದ ಅದಿರನ್ನು ಹೇಗೆ ಕರಗಿಸುತ್ತಾರೆ ಎಂದು ನಿಂತು ನೋಡಿದ. ಸಾವನದುರ್ಗದ ಕಾಡಿನ ಮರಗಳ ಹೆಸರನ್ನು ಇಲ್ಲಿನವರ ಬಾಯಿಂದ ಕೇಳಿ ಬರೆದುಕೊಂಡ. ಕಾಗುಣಿತ ವಕ್ರವಾಗಿದ್ದರೂ ಓದುತ್ತಾ ಹೋದರೆ ಕನ್ನಡದ ಮರಗಳು ಒಂದೊಂದಾಗಿ ಕಾಣುತ್ತವೆ.

ಹಾಗಾದರೆ ಕೋಟೆಯ ಒಳಗಿದ್ದವರು, ಅದನ್ನು ಕಟ್ಟಿದವರು ಏನನ್ನೂ ಬಿಟ್ಟು ಹೋಗಲಿಲ್ಲವೇ? ಇಲ್ಲಿ ಗೆಳೆಯನ ಪಾಠ ಶುರುವಾಯಿತು.

ಗೋಡೆ ಬಿದ್ದ ಕಡೆ ಬಂಡೆಯ ಮೇಲೆ ಮೆಟ್ಟಿಲಿನಂಥ ಆಳವಿಲ್ಲದ ಕಚ್ಚುಗಳ ಸಾಲು ಕಾಣುತ್ತದೆ. ಬೆಟ್ಟ ಹತ್ತುವವರು ಅದನ್ನು ಕಾಲಿಡುವ ಮೆಟ್ಟಿಲೆಂದು ಬಳಸುತ್ತಾರೆ. ಗೆಳೆಯ ಹೇಳಿದ, ಅದು ಗೋಡೆಯ ಪಾಯ. ಇಳಿಜಾರಿನ ಬಂಡೆಯ ಮೇಲೆ ಗಾರೆಯಿಲ್ಲದೆ ಕಲ್ಲು ಕೂರಿಸಿದರೆ ಜಾರುತ್ತದೆ, ಅದಕ್ಕೆ ಮೊದಲು ಬಂಡೆಯನ್ನೇ ಮಟ್ಟ ಕಡಿದು, ಆ ಕಚ್ಚಿನಲ್ಲಿ ಮೊದಲ ವರಸೆ ಕೂರಿಸಬೇಕು. ಗೋಡೆ ಹೋದರೂ ಕಚ್ಚು ಹೋಗುವುದಿಲ್ಲ. ಆ ಕಚ್ಚುಗಳ ಜಾಡು ಹಿಡಿದು ನಡೆದೇ ಇಲ್ಲದ ಗೋಡೆ ಎಲ್ಲಿ ತಿರುಗುತ್ತಿತ್ತೆಂದು ಅವನು ತೋರಿಸಿದ.

ಬೆಣೆಯ ಗುರುತುಗಳನ್ನೂ ತೋರಿಸಿದ. ಹಳೆಯವು ಅಗಲವಾದ, ಚೌಕದ ಗುಳಿಗಳು, ಒಂದರ ಪಕ್ಕ ಒಂದು, ಹಲ್ಲಿನ ಸಾಲಿನಂತೆ. ಕಲ್ಲಿನ ಓಟ ನೋಡಿ ಗುಳಿ ಹೊಡೆದು, ಬೆಣೆ ಇಟ್ಟು, ಸಾಲಿನ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಏಟು ಹಾಕುತ್ತಾ ಹೋದರೆ ಬಂಡೆ ಗೆರೆ ಕೊಯ್ದಂತೆ ಬಿಡುತ್ತದೆ. ಮರದ ಬೆಣೆ ಇಟ್ಟು ನೀರು ಸುರಿದು ಉಬ್ಬಿಸಿ ಒಡೆಯುತ್ತಿದ್ದರಂತೆ ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದೆ. "ಗೈಡುಗಳು ಹಂಗೇ ಯೋಳ್ತಾರೆ. ನಮ್ ತಾತ ಮಾತ್ರ ಕಬ್ಬುಣದ ಬೆಣೇನೇ ಇಕ್ತಿದ್ದ" ಎಂದು ಅಲ್ಲಿಗೆ ಆ ಚರ್ಚೆ ಮುಗಿಸಿದ. ಬೆಂಕಿಯಿಂದ ಚಪ್ಪಡಿ ಎಬ್ಬಿಸುವುದನ್ನು ಮಾತ್ರ ಅವನ ಅಪ್ಪ ಕಣ್ಣಾರೆ ಕಂಡಿದ್ದಾರೆ. ಬಂಡೆಯ ಮೇಲೆ ಸೌದೆಯ ಸಣ್ಣ ಸಾಲು ಉರಿಸುತ್ತಾ, ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ ಕೇಳುವುದು. ಸದ್ದು ಪೊಳ್ಳಾದರೆ ಅಲ್ಲಿ ಪದರ ಬಿಟ್ಟಿದೆ ಎಂದರ್ಥ, ಆಗ ಬೆಂಕಿಯನ್ನು ಮುಂದಕ್ಕೆ ಸರಿಸುವುದು. ಬೆಂಗಳೂರು ಸೀಮೆಯ ಒಡ್ಡರು ಹೀಗೆ 60 ಅಡಿ ಉದ್ದ, 40 ಅಡಿ ಅಗಲ, ಅರ್ಧ ಅಡಿ ದಪ್ಪದ ಹಾಸುಗಲ್ಲು ಎಬ್ಬಿಸುತ್ತಾರೆಂದು 1895ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆ ಬೆರಗಿನಿಂದ ಪ್ರಕಟಿಸಿತ್ತು. ವಿಜ್ಞಾನಿಗಳು ಇವತ್ತಿಗೂ ತಮ್ಮ ಲೇಖನ ಅದರಲ್ಲಿ ಬಂದರೆ ಜನ್ಮ ಸಾರ್ಥಕವೆನ್ನುವ ಪತ್ರಿಕೆ ಅದು. ಆ ಕೆಲಸ ಮಾಡಿದವರ ಮನೆಗಳಲ್ಲಿ ಅದನ್ನು ಓದಿದವರು ಆಗ ಒಬ್ಬರೂ ಇದ್ದಿರಲಾರರು.

ಮೇಲೆ ದೊಣೆಗಳಿವೆ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತದ್ದು. ಡಿಸೆಂಬರಿನಲ್ಲೂ ಕೆಲವು ತುಂಬಿದ್ದವು. ಕೋಟೆ ಎಂದರೆ ನಾವು ಗೋಡೆ, ಬುರುಜು ಎಂದುಕೊಳ್ಳುತ್ತೇವೆ, ಆದರೆ ನೀರಿಲ್ಲದ ಬೆಟ್ಟದಲ್ಲಿ ದಂಡು ನಿಲ್ಲುವುದಿಲ್ಲ. ಒಂದು ದೊಣೆಯ ಅಂಚಿಗೆ ನೀರು ತಿರುಗಿಸಲು ಬಂಡೆಯಲ್ಲಿ ಬೆರಳಗಲದ ಕಾಲುವೆ ಕೊರೆದಿದೆ. ನೂರಾರು ವರ್ಷದ ಹಿಂದೆ ಯಾರೋ ಮಳೆಯಲ್ಲಿ ನಿಂತು, ನೀರು ಯಾವ ಕಡೆ ಹರಿಯುತ್ತದೆಂದು ನೋಡಿ, ಆಮೇಲೆ ಬಂದು ಕೊರೆದ ಕಾಲುವೆ. ನೆತ್ತಿಯ ನಂದಿ ಮಂಟಪದ ಹತ್ತಿರ ಫೋಟೋ ತೆಗೆಸಿಕೊಳ್ಳುವವರ ಸಾಲಿತ್ತು. ಈ ಕಾಲುವೆಯ ಹತ್ತಿರ ನಾವಿಬ್ಬರೇ. ಏಷ್ಯಾದಲ್ಲೇ ಅತಿ ದೊಡ್ಡ ಏಕಶಿಲೆಗಳಲ್ಲಿ ಇದೂ ಒಂದು, ಎತ್ತರ 1226 ಮೀಟರ್, ಎಂದೆಲ್ಲ ಹೇಳುವುದುಂಟು. ಅಳೆದವರ ಮಾತು ಇರಲಿ, ನನಗೆ ಆ ಬೆರಳಗಲದ ಕಾಲುವೆ ದೊಡ್ಡದಾಗಿ ಕಂಡಿತು.

ಇಳಿದ ಮೇಲೆ ಸಂಜೆ ಅವನ ಮನೆಯ ಜಗಲಿಯಲ್ಲಿ ಕೂತಾಗ ಅವನ ಅಪ್ಪ ಕೇಳಿದರು: "ಎಲ್ಲೆಲ್ಲಿ ಹೋಗಿದ್ರಪ್ಪಾ?" ನಾನು ಮೊಬೈಲಿನ ಭೂಪಟ ತೋರಿಸಿದೆ. ಅದರಲ್ಲಿ ಬೆಟ್ಟಕ್ಕೆ ಒಂದೇ ಹೆಸರು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇಷ್ಟು ದೊಡ್ಡ ಬೆಟ್ಟುಕ್ಕೆ ಒಂದೇ ಯೆಸ್ರಾ?" ಎಂದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ದನ ಕಾಯುವಾಗ ನೀರು ಕುಡಿಯುತ್ತಿದ್ದ ದೊಣೆ, ಹೆಜ್ಜೇನು ಕಟ್ಟುವ ಬಂಡೆ, ಕರಡಿ ಇರುವ ಗವಿ, ಕಲ್ಲು ಒಡೆಯಬಾರದೆಂದು ಹಿರಿಯರು ಕಟ್ಟು ಮಾಡಿದ್ದ ಗುಂಡು, ಪ್ರತಿಯೊಂದಕ್ಕೂ ಹೆಸರಿತ್ತು. ರಾತ್ರಿ ಒಂಬತ್ತರವರೆಗೆ ಬರೆದುಕೊಂಡೆ. 31 ಹೆಸರಾಯಿತು. ಅವುಗಳಲ್ಲಿ ಗೆಳೆಯನಿಗೇ ಗೊತ್ತಿದ್ದದ್ದು 12. ಅವನ ಮಗಳು ನಮ್ಮದೇ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಅವಳಿಗೆ ಗೊತ್ತಿದ್ದದ್ದು ಎರಡು.

2015ರಲ್ಲಿ ನಮ್ಮ ತಾಲ್ಲೂಕಿನ ಕೆಂಪಾಪುರದ ಸಮಾಧಿಯ ಮೇಲಿನ ಬರಹವನ್ನು ಓದಿದಾಗ ಅದು ಕೆಂಪೇಗೌಡರದೆಂದು ಗೊತ್ತಾಗಿ ಪತ್ರಿಕೆಗಳೆಲ್ಲ ಬರೆದದ್ದು ನಿಮಗೆ ನೆನಪಿರಬಹುದು. ಊರಿನವರು ದಿನವೂ ನೋಡುತ್ತಿದ್ದ ಕಟ್ಟಡವೇ ಅದು. ಅದಕ್ಕೆ ಕಲ್ಲಿನ ಮೇಲೆ ಅಕ್ಷರವಿತ್ತು, ನಾಲ್ಕು ನೂರು ವರ್ಷ ಕಾದರೂ ಓದುವವರು ಬಂದರು. ಆ ಅಜ್ಜ ಹೇಳಿದ ಹೆಸರುಗಳಿಗೆ ಕಲ್ಲೂ ಇಲ್ಲ, ಕಾಗದವೂ ಇಲ್ಲ. ಅವರಿಗೆ ಈಗ 78 ವರ್ಷ.

ನಮ್ಮ ಶಾಲೆಯ ಹಳೆಯ ಮೂರು ಕೊಠಡಿಗಳ ಚಪ್ಪಡಿ ಒಡೆದ ಗುಂಪಿನಲ್ಲಿ ಅವರೂ ಒಬ್ಬರು. ಆಗ ಅವರಿಗೆ ಇಪ್ಪತ್ತೆಂಟರ ಆಸುಪಾಸು. ದಿನಗೂಲಿಗೆ ಹೋದದ್ದು, ಊರಿನವರು ಗಾಡಿ ಕಟ್ಟಿ ಕಲ್ಲು ಸಾಗಿಸಿದ್ದು, ಮಧ್ಯಾಹ್ನ ಮುದ್ದೆ ಒಂದೊಂದು ದಿನ ಒಂದೊಂದು ಮನೆಯಿಂದ ಬರುತ್ತಿದ್ದದ್ದು, ಎಲ್ಲ ನೆನಪಿದೆ. ದಾನಿಗಳ ಹೆಸರಿನ ಫಲಕ ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗಿದೆ. ಒಳಗೆ, ಹತ್ತನೇ ತರಗತಿ ಕೂರುತ್ತಿದ್ದ ಕೊಠಡಿಯ ಹಿಂದಿನ ಗೋಡೆಯ ಮೂಲೆಯಲ್ಲಿ, ಒಂದು ಚಪ್ಪಡಿಯ ಅಂಚಿಗೆ ಆರು ಬೆಣೆ ಗುಳಿಗಳಿವೆ. ಏಳನೆಯದು ಅರ್ಧಕ್ಕೆ ನಿಂತಿದೆ, ಅಷ್ಟರೊಳಗೆ ಕಲ್ಲು ಬಿಟ್ಟುಕೊಂಡಿತ್ತಂತೆ.

31 ಹೆಸರುಗಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ, ಕೈಯಲ್ಲಿ ಬರೆದ ನಕಾಶೆಯ ಸಮೇತ ಸಮಾಜ ವಿಜ್ಞಾನದ ಮೇಡಂ ಅವರಿಗೆ ಕೊಟ್ಟಿದ್ದೇನೆ. ಅದು ಶಾಲೆಯ ಗ್ರಂಥಾಲಯದಲ್ಲಿ ಇರುತ್ತದೆ. ಬೆಟ್ಟದ ಪಶ್ಚಿಮದ ಮಗ್ಗುಲು ಇನ್ನೂ ಖಾಲಿ ಇದೆ, ಆ ಕಡೆಯ ಹಳ್ಳಿಗಳ ಹಿರಿಯರು ಬಂದು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮೇಡಂ ಇರುತ್ತಾರೆ.